ಕೈ ತೋರಿಸುವವನು

ಬೈನಾ, ವಾಸ್ಕೋ
೨೧ ಫೆಬ್ರವರಿ ೨೦೨೫, ಶುಕ್ರವಾರ

ಪ್ರೀತಿಯ ತಮ್ಮ ಶಂಕರಲಿಂಗಾ,

ನಿನ್ನ ಬೆನ್ನುನೋವು ಹೇಗಿದೆ? ಶಾರ್ಜಾದ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಅವ್ವನ ಮೊಣಕಾಲು ಈಗ ವಾಸಿ, ಮಾರ್ಕೆಟ್ಟಿಗೆ ತಾನೇ ನಡೆದು ಹೋಗುತ್ತಾಳೆ. ಮೇಲಿನ ಮನೆಯ ಜಿಲಾನಿ ರಜೆ ಮುಗಿಸಿ ಇವತ್ತು ಮಧ್ಯಾಹ್ನ ಶಾರ್ಜಾಕ್ಕೆ ಹೊರಟಿದ್ದಾನೆ. ಅವನ ಕೈಯಲ್ಲಿ ಈ ಪತ್ರ, ಶೇಂಗಾ ಚಟ್ನಿ ಕಳಿಸುತ್ತಿದ್ದೇನೆ. ಚಟ್ನಿಯನ್ನು ಅವನೇ ತಿಂದು ಮುಗಿಸಿದ್ದರೆ ಪತ್ರವನ್ನಾದರೂ ಕಸಿದುಕೋ.

ಮಾರ್ಚ್ ತಿಂಗಳಲ್ಲಿ ಬರುವಾಗ ಯಾವ ಗೇಮ್ ಮಶಿನ್ ತರಲಿ ಅಂತ ಫೋನಿಗೆ ಮೂರು ಫೋಟೋ ಕಳಿಸಿದ್ದೀಯ. ಅದರ ಕೆಳಗೇ, ಮನೆಗೆ ಬರುವುದಿಲ್ಲ, ಕುಂಕಳ್ಳಿಯ ಗೆಳೆಯನ ರೂಮಿನಲ್ಲಿ ಇಳಿಯುತ್ತೇನೆ ಅಂತ ಒಂದು ಸಾಲು. ಮೊದಲು ಮಶಿನ್ ವಿಷಯ. ನಿನ್ನ ಅಕ್ಕ ಆರು ವರ್ಷದಿಂದ ಟಿವಿ ಅಂಗಡಿಯ ಕೌಂಟರಿನಲ್ಲಿ ನಿಂತವಳು, ಬಾಯಿಗೆ ಬಂದದ್ದು ಹೇಳುವುದಿಲ್ಲ. ಒಮ್ಮೆ ಕೂತರೆ ಊಟಕ್ಕೂ ಏಳದ ನಿನ್ನಂಥ ಹುಚ್ಚರಿಗೆ ಪ್ಲೇಸ್ಟೇಷನ್. ಚಿತ್ರ ಚೊಕ್ಕ, ಕಥೆಯಿರುವ ದೊಡ್ಡ ಆಟಗಳು, ಬಂದೂಕು ಹಾರಿಸಿದರೆ ಕೈಯಲ್ಲಿನ ಕಂಟ್ರೋಲರೂ ನಡುಗುತ್ತದೆ. ಎಕ್ಸ್‌ಬಾಕ್ಸ್ ಶಕ್ತಿಯಲ್ಲಿ ಅದಕ್ಕೇನೂ ಕಡಿಮೆಯಿಲ್ಲ. ತಿಂಗಳ ಚಂದಾ ಕಟ್ಟಿದರೆ ನೂರಾರು ಆಟ ಸಿಗುತ್ತವೆ. ಒಂದರಲ್ಲೇ ಮನಸ್ಸು ನಿಲ್ಲದವರಿಗೆ ಒಳ್ಳೆಯದು, ಆದರೆ ಇಳಿಸಿಕೊಳ್ಳಲು ನೆಟ್ ಗಟ್ಟಿ ಬೇಕು, ನಮ್ಮ ಓಣಿಯ ನೆಟ್ ನಿನಗೆ ಗೊತ್ತೇ ಇದೆ. ನಿಂಟೆಂಡೊ ಸ್ವಿಚ್ಚಿನ ಚಿತ್ರ ಅಷ್ಟು ಚೊಕ್ಕ ಅಲ್ಲ. ಆದರೆ ಎತ್ತಿಕೊಂಡು ಹೋಗಬಹುದು, ಕಂಟ್ರೋಲರ್ ಬಿಡಿಸಿ ಇಬ್ಬರು ಹಿಡಿಯಬಹುದು, ಕೈ ಬೀಸಿದರೆ ಚೆಂಡು ಉರುಳುತ್ತದೆ. ಮಕ್ಕಳಿಗೆ, ಮುದುಕರಿಗೆ, ಹಬ್ಬಕ್ಕೆ ಬಂದ ನೆಂಟರಿಗೆ ಅದೇ ಸರಿ ಅಂತ ಕೇಳಿದವರಿಗೆಲ್ಲ ಹೇಳುತ್ತಿದ್ದೆ.

ಭಾನುವಾರ ನನ್ನ ಜಾಣತನ ನೆಲಕಚ್ಚಿತು. ಜಿಲಾನಿಯ ಮನೆಯಲ್ಲಿ ಪ್ಲೇಸ್ಟೇಷನ್, ಸ್ವಿಚ್ ಎರಡೂ ಇವೆ. ಬಂದರಿನ ಕ್ರೇನ್ ಬಿಟ್ಟು ನಿವೃತ್ತನಾದಾಗಿನಿಂದ ಅಪ್ಪ ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಾನಲ್ಲ, ಎಳೆದುಕೊಂಡು ಹೋದೆ. ಸ್ವಿಚ್ ಕೊಟ್ಟರೆ ಒಂದು ಸಲ ಬೀಸಿ ವಾಪಸ್ ಕೊಟ್ಟ. "ಕೈ ಬೀಸೂದು ಸಿಗ್ನಲ್ ಕೊಡಾವನ ಕೆಲಸ, ನಂದಲ್ಲ" ಅಂದ. ಪ್ಲೇಸ್ಟೇಷನ್ ಕಂಟ್ರೋಲರಿನಲ್ಲಿ ಕ್ರೇನಿನ ಲಿವರಿನಂಥ ಎರಡು ಕಡ್ಡಿ ನೋಡಿ ಮಾತ್ರ ಮುಖ ಅರಳಿತು. ಹೆಬ್ಬೆರಳಿಟ್ಟು ನೆಟ್ಟಗೆ ಕೂತ. ಅಷ್ಟೇ, ಅಲುಗಲಿಲ್ಲ. ಆಟದ ಸಿಪಾಯಿ ನಿಂತಲ್ಲೇ ಮೂರು ಸಲ ಸತ್ತ. ಜಿಲಾನಿ "ಒತ್ರೀ ಕಾಕಾ, ಒತ್ರೀ" ಅಂತ ಕುಣಿಯುತ್ತಿದ್ದ. ಅಪ್ಪ ಶಾಂತವಾಗಿ ಕೇಳಿದ, "ಕೈ ತೋರಸಾವ ಎಲ್ಲಿ ಅದಾನ?"

ಮುರ್ಮುಗಾಂವ್ ಬಂದರಿನಲ್ಲಿ ಒಂದು ವರ್ಷ ಅವನ ಕ್ರೇನಿಗೆ ಕೈ ತೋರಿಸಿದವನು ನೀನೇ, ನಿನಗೆ ನಾನು ಹೇಳಬೇಕೇ? ಹಡಗಿನ ಹೊಟ್ಟೆಯೊಳಗೆ ಏನಿದೆಯೋ ಮೇಲೆ ಕೂತವನಿಗೆ ಕಾಣುವುದಿಲ್ಲ. ಅಂಚಿನಲ್ಲಿ ನಿಂತವನು ಬೆರಳೆತ್ತಿ ತಿರುಗಿಸಿದರೆ ಎತ್ತಬೇಕು, ಮುಷ್ಟಿ ಬಿಗಿದರೆ ನಿಲ್ಲಿಸಬೇಕು. ಕೈ ಕಾಣದೆ ಅಪ್ಪ ಮೂವತ್ತು ವರ್ಷ ಲಿವರ್ ಮುಟ್ಟಿದವನಲ್ಲ. ನಗು ತಡೆದುಕೊಂಡು ಟಿವಿ ಪಕ್ಕ ನಿಂತು ನಾನೇ ತೋರಿಸಿದೆ. ಸಿಪಾಯಿ ಹೊರಟ, ಸೇತುವೆಯನ್ನೂ ದಾಟಿದ. ಆಮೇಲೆ ನಾನು ತಡವರಿಸಿದೆ, ಸತ್ತ. ಅಪ್ಪ ಕಂಟ್ರೋಲರ್ ಮಡಿಲಲ್ಲಿಟ್ಟುಕೊಂಡು ಹೇಳಿದ, "ನಿನ್ನ ಕೈ ಅಂಜತೈತಿ ಜಯಾ. ಶಂಕ್ರ್ಯಾ ತೋರಸಿದ್ರ ನಾ ಎರಡನೇ ಸಲ ನೋಡತಿದ್ದಿಲ್ಲ."

ನೀನು ಹೇಳದೆ ಕೇಳದೆ ಬಂದರಿನ ಕೆಲಸ ಬಿಟ್ಟು ಮೂರು ವರ್ಷವಾಯಿತು. ಕಳೆದ ರಜೆಯಲ್ಲಿ ಅವನು ಮುಖ ತಿರುಗಿಸಿದ, ನೀನು ಹೆಡ್‌ಫೋನ್ ಹಾಕಿಕೊಂಡು ಹನ್ನೆರಡು ದಿನ ಗೋಡೆಯಂತೆ ಕೂತೆ. ಇಬ್ಬರೂ ಒಂದೇ ಅಚ್ಚು. ಈ ಮೂರು ವರ್ಷದಲ್ಲಿ ಅವನ ಬಾಯಲ್ಲಿ ನಿನ್ನ ಹೆಸರು ಕೇಳಿದ್ದು ಇದೇ ಮೊದಲು. ನನಗೆ ಅಳು ಬಂತು, ಜಿಲಾನಿಯ ಎದುರಿಗೇ.

ಪ್ಲೇಸ್ಟೇಷನ್ನೇ ತಾ. ಇನ್ನು ಮೇಲೆ ಅಂಗಡಿಗೆ ಬಂದ ಮುದುಕರನ್ನು, ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಅಂತ ಕೇಳಿಯೇ ಮಶಿನ್ ಹೇಳುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ನೋಡಿ ಎತ್ತು. ಅವ್ವ ನಿನ್ನ ತಲೆ ಮೇಲೆ ಕೈ ಇಟ್ಟಿದ್ದಾಳೆ ಅಂತ ತಿಳಿ.

ನಿನ್ನ ಅಕ್ಕ,
ಜಯಶ್ರೀ

ತಾ.ಕ.: ಜಿಲಾನಿಯ ರಿಕ್ಷಾ ಬಂದು ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದರೆ, ನೀನು ಬಂದರಿನಲ್ಲಿ ಹಾಕುತ್ತಿದ್ದ ಕಿತ್ತಳೆ ಬಣ್ಣದ ಕೈಗವಸುಗಳು ಹಗ್ಗದ ಮೇಲೆ ಒಣಗುತ್ತಿವೆ. ಅಪ್ಪನೇ ಪೆಟ್ಟಿಗೆಯಿಂದ ತೆಗೆದು ಒಗೆದು ಹಾಕಿದ್ದಾನೆ. ಕೇಳಿದರೆ, "ಬರಿಗೈಲೆ ನಿಂತ್ರ ನನಗ ಈಗ ಸರಿ ಕಾಣಂಗಿಲ್ಲ. ಬಂದ ಮ್ಯಾಲ ಹಾಕ್ಕೊಳ್ಳಾಕ ಹೇಳು" ಅಂದ. ಎಡಗೈಯದರಲ್ಲಿ ತೂತಿತ್ತಲ್ಲ, ಅದನ್ನೂ ಹೊಲಿದಿದ್ದಾನೆ. ಕುಂಕಳ್ಳಿಗೆ ಹೋಗಬೇಡ, ಮನೆಗೆ ಬಾ.