ಹೆಂಚಿನ ಸೇತುವೆಯಲ್ಲಿ ಅಪ್ಪ ಅಮ್ಮ

ಭಾನುವಾರ, ಮಧ್ಯಾಹ್ನ

ಅಕ್ಕಾ,

ನಿನ್ನ ಸಿಟ್ಟು ಇಳಿದಿದೆಯೋ ಇಲ್ಲವೋ ತಿಳಿಯದು, ಆದರೂ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ್ದರೂ ಇದನ್ನು ಬಾಯಿಬಿಟ್ಟು ಹೇಳಲು ನನಗೆ ಆಗುತ್ತಿರಲಿಲ್ಲ.

ನಿನ್ನೆ ಕ್ಲಿನಿಕ್ಕಿಗೆ ಕೊನೆಯ ರೋಗಿ ಬರಲಿಲ್ಲ. ಬೇಗ ಹೊರಟು ಪಾರ್ಕಿನೊಳಗಿಂದ ನಡೆದು ಬರುತ್ತಿದ್ದೆ. ಕೊಳದ ಮೇಲೆ ಹೆಂಚು ಹೊದಿಸಿದ ಮರದ ಸೇತುವೆ ಇದೆಯಲ್ಲ, ಚಿಕ್ಕವರಿದ್ದಾಗ ಒಳಗೆ ನಿಂತು ಕಿರುಚುತ್ತಿದ್ದೆವಲ್ಲ, ಅದಕ್ಕೆ ಕಾಲಿಡುವಷ್ಟರಲ್ಲಿ ಅಮ್ಮನ ನಗು ಕೇಳಿಸಿತು. ಪೇಟೆಯಿಂದ ದಾರ ತರುತ್ತೇನೆಂದು ಟೈಲರಿಂಗ್ ಅಂಗಡಿಗೆ ಬೀಗ ಹಾಕಿ ಹೋದವಳು ಸೇತುವೆಯೊಳಗಿನ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅಪ್ಪ. ನಮ್ಮ ಅಪ್ಪ!

ಬೇರೆಯಾದ ಮೇಲೆ ಅಪ್ಪನ ಮಾತೆತ್ತಿದರೆ ಅಮ್ಮ ತಟ್ಟೆ ಸರಿಸಿ ಎದ್ದುಬಿಡುತ್ತಾಳೆ. ಆ ಅಮ್ಮ, ಅಪ್ಪ ತೊಟ್ಟ ಅಂಗಿಗೆ ಹಾಗೆಯೇ ಗುಂಡಿ ಹೊಲಿಯುತ್ತಿದ್ದಳು. ನಾನು ಕಂಬದ ಹಿಂದೆ ಸರಿದೆ.

“ಅಲ್ಲಾಡ್ಬೇಡಿ, ಸೂಜಿ ಚುಚ್ಚುತ್ತೆ” ಎಂದಳು ಅಮ್ಮ.

“ಅಂಗಡಿಗೇ ಬರ್ತಿದ್ದೆ. ಆದ್ರೆ ಚಿಕ್ಕವಳು ನೋಡಿದ್ರೆ ಹೊಸ್ತಿಲು ತುಳಿಯೋಕೂ ಬಿಡಲ್ಲ.”

“ದೊಡ್ಡವಳೇನು ಕಡಿಮೆನಾ? ಸಿಟ್ಟು ಬಂದ್ರೆ ನಿಮ್ಮನ್ನ ಮನೆಯಿಂದ ಆಚೆ ಹಾಕ್ತಾಳೆ.”

ಇಬ್ಬರೂ ನಕ್ಕರು, ಮಾಸ್ತರರನ್ನು ಆಡಿಕೊಳ್ಳುವ ಮಕ್ಕಳ ಹಾಗೆ. ಮಾಸ್ತರರು ನಾವು!

ಆಮೇಲೆ ಅಪ್ಪ ಮೊಬೈಲ್ ತೆರೆದರು. ನಿನ್ನ ಮಗಳಿಗೆ ಹಲ್ಲು ಬಂದಿದೆಯಂತೆ. ಅಮ್ಮ ಆ ಫೋಟೋ ಮೇಲೆ ಬೆರಳಾಡಿಸಿದಳು. ನಾನು ಎಷ್ಟು ಕತ್ತು ಚಾಚಿದರೂ ಮಗು ಕಾಣಿಸಲಿಲ್ಲ. ಅವಳನ್ನು ನಾನಿನ್ನೂ ಎತ್ತಿಕೊಂಡೇ ಇಲ್ಲವಲ್ಲ, ಅಕ್ಕಾ. ಅಲ್ಲಿ ನಿಲ್ಲಲಾಗದೆ ಸದ್ದು ಮಾಡದೆ ಹಿಂದಿರುಗಿದೆ.

ಮನೆಗೆ ಬಂದ ಅಮ್ಮ ಚಪ್ಪಲಿ ಬಿಡುತ್ತಲೇ, “ಪೇಟೇಲಿ ಏನು ರಶ್ಶು ಅಂತೀಯ!” ಎಂದಳು. ನಾನು “ಹೌದಾ” ಎಂದೆ.

ನಗಬೇಕೋ ರೇಗಬೇಕೋ ತಿಳಿಯುತ್ತಿಲ್ಲ. ಅವರ ಜಗಳ ಮುಗಿದಿದ್ದರೆ ಎರಡು ಮನೆ ಯಾಕೆ? ಮುಗಿದಿಲ್ಲವಾದರೆ ಆ ಗುಂಡಿ ಯಾಕೆ? ನಾನು ಅಮ್ಮನ ಕಡೆ, ನೀನು ಅಪ್ಪನ ಕಡೆ ಎಂದು ನಾವಿಬ್ಬರು ಮಾತು ಬಿಟ್ಟೆವಲ್ಲ, ಅದನ್ನು ಈಗ ಯಾವ ಲೆಕ್ಕಕ್ಕೆ ಹಾಕಲಿ? ಅಮ್ಮನನ್ನೇ ಕೇಳೋಣವೆಂದರೆ, ಕೇಳಿದೊಡನೆ ಆ ಬೆಂಚೂ ಅವರಿಗೆ ತಪ್ಪಿಹೋದೀತೆಂಬ ಹೆದರಿಕೆ. ನಿನಗೇನಾದರೂ ಅರ್ಥವಾದರೆ ಒಂದು ಸಾಲು ಬರೆ. ಬೈದು ಬರೆದರೂ ಸರಿ.

ನಿನ್ನ
ಪುಟ್ಟಿ

ಮಡಚಿದ ಕಾಗದ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ: ಲಕೋಟೆಗೆ ಅಂಟು ಹಚ್ಚುವಾಗ ಅಮ್ಮ ಬಂದು ವಿಳಾಸ ಓದಿದಳು. “ನಿನ್ನೆ ಕಂಬದ ಪಕ್ಕ ನಿನ್ನ ಅರ್ಧ ಮೈ ಆಚೆಗೇ ಇತ್ತು ಕಣೇ” ಎಂದಳು. “ಹೋದ ತಿಂಗಳು ನಿಮ್ಮಕ್ಕನೂ ಅಲ್ಲೇ ನಿಂತಿದ್ಲು, ಮಗು ಎತ್ಕೊಂಡು. ನಾವೂ ನೋಡದ ಹಾಗೆ ಇದ್ದುಬಿಟ್ವಿ.” ಅಕ್ಕಾ, ನಿನಗೆ ಆಗಲೇ ಗೊತ್ತಿತ್ತಾ?