ಇಪ್ಪತ್ಮೂರರ ಗೆರೆ

ಜನವರಿ 6, ಸೋಮವಾರ. ಬೆಳಿಗ್ಗೆ 6.10

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿರುವ ಮಹನೀಯರೇ, ಹಿಂದಿನ ಸಾಲಿನಲ್ಲಿ ಊಟದ ವಾಸನೆ ಹಿಡಿಯುತ್ತಿರುವ ಮಹಾಶಯರೇ — ಎಂದಿನಂತೆ ಇವತ್ತೂ ಸಭೆ ಸೇರಿದೆ. ಸ್ಥಳ: ಮುಂಬೈನ ಸಯನ್, ಎರಡನೇ ಮಾಳಿಗೆ, ನಮ್ಮ ಅಡುಗೆಮನೆ. ಅಧ್ಯಕ್ಷತೆ ಕುಕ್ಕರಿನದು. ಮೂರು ಸೀಟಿ ಹೊಡೆದು ಸುಮ್ಮನಾಗುವ ಅಧ್ಯಕ್ಷರು ಇನ್ನೆಲ್ಲಿ ಸಿಗುತ್ತಾರೆ?

ಇಂದಿನ ವಿಷಯ: ಸನ್ಮಾನಿತರ ಪರಿಚಯ. ಮಾರ್ಚ್ ಹದಿನಾರಕ್ಕೆ ಕನ್ನಡ ಸಂಘದವರು ನೀಲಕಂಠಪ್ಪ ಸರ್ ಅವರ ಎಪ್ಪತ್ತೈದರ ಸನ್ಮಾನ ಇಟ್ಟುಕೊಂಡಿದ್ದಾರೆ. ಅಭಿನಂದನಾ ಭಾಷಣ ನನ್ನ ಕೊರಳಿಗೆ. ಅದಕ್ಕೇ ಈ ತಾಲೀಮು.

ಸರ್ ನನ್ನ ಪಿಎಚ್‌ಡಿ ಗೈಡ್. ಸಂಖ್ಯಾಶಾಸ್ತ್ರದಲ್ಲಿ ಹುಟ್ಟಿ ಮನಃಶಾಸ್ತ್ರದ ಮನೆಗೆ ಅಳಿಯನಾಗಿ ಬಂದವರು. ನಾನೂ ಅದೇ ದಾರಿ. ಗಣಿತದವರಿಗೆ ನಾನು ಮನಃಶಾಸ್ತ್ರದವನು, ಮನಃಶಾಸ್ತ್ರದವರಿಗೆ ಗಣಿತದವನು. ಎರಡೂ ಕಡೆಯವರು ಫೋಟೋ ತೆಗೆಯುವಾಗ ಮಾತ್ರ ಸ್ವಲ್ಪ ಸರಿಯಿರಿ ಎನ್ನುತ್ತಾರೆ. ಧಾರವಾಡದಿಂದ ಕನ್ನಡ ಮಾಧ್ಯಮದ ಬಿ.ಎ. ಹಿಡಿದು ಮುಂಬೈಗೆ ಬಂದಾಗ ನನಗೆ 'ಪ್ರಮಾಣ ವಿಚಲನೆ' ಗೊತ್ತಿತ್ತು, ಸ್ಟ್ಯಾಂಡರ್ಡ್ ಡೀವಿಯೇಶನ್ ಗೊತ್ತಿರಲಿಲ್ಲ. ಎರಡೂ ಒಂದೇ ಎಂದು ಹೇಳಿದವರು ಸರ್. ಆ ಒಂದು ಮಾತಿಗೆ ಅರ್ಧ ಸಿಲೆಬಸ್ ಮುಗಿಯಿತು.

ಅವರ ದೊಡ್ಡ ಕೆಲಸ, ಕನ್ನಡದ ನೆನಪಿನ ಪರೀಕ್ಷೆ. ಇಂಗ್ಲಿಷಿನಿಂದ ಬಂದ ಪರೀಕ್ಷೆಗಳು ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎನ್ನುತ್ತಿದ್ದವು. ಶಾಲೆ ಕಾಣದ ನಮ್ಮ ಮಂದಿ ಅಲ್ಲೇ ಫೇಲ್. ಮರೆವಿಲ್ಲದವರಿಗೂ ಮರೆವಿನ ಚೀಟಿ. ಸರ್ ಆ ಪ್ರಶ್ನೆ ಕಿತ್ತು ಹಾಕಿ, ಲೋಕಲ್ ರೈಲಿನ ಸ್ಟೇಷನ್‌ಗಳ ಹೆಸರನ್ನು ಉಲ್ಟಾ ಹೇಳಿಸಿದರು. ಮತ್ತೆ ಐದು ಪದ ಹೇಳುವುದು, ನಡುವೆ ಬೇರೆ ಮಾತಾಡುವುದು, ಆಮೇಲೆ ಆ ಐದನ್ನೂ ಕೇಳುವುದು. ಹೀಗೆ ಒಟ್ಟು ಮೂವತ್ತು ಅಂಕ. ಇಪ್ಪತ್ಮೂರಕ್ಕಿಂತ ಕೆಳಗೆ ಬಂದವರಿಗೆ ಚಿಕಿತ್ಸೆ ಬೇಕು. ಆ ಒಂದು ಗೆರೆ ಎಳೆಯಲು ನಾವಿಬ್ಬರೂ ವರ್ಷಗಟ್ಟಲೆ ಕುರ್ಲಾದ ಚಾಳುಗಳ ಮೆಟ್ಟಿಲು ಸವೆಸಿದೆವು.

ಅಂಕಿ ಹೇಳುವುದು ಅರ್ಧ ಸತ್ಯ,
ಉಳಿದರ್ಧ ಫುಟ್‌ನೋಟಿನಲ್ಲಿ ನಿತ್ಯ.
(ಸ್ವರಚಿತ. ಚಪ್ಪಾಳೆ.)

ಒಳಗಿನಿಂದ ಹೆಂಡತಿ ಶೈಲಾ: "ಯಾರ ಜೋಡಿ ಮಾತಾಡಾಕತ್ತೀರಿ?"
"ಸಭೆ ನಡದದ."
"ಸಭೀಗೆ ಹೇಳ್ರಿ, ಹಾಲು ಉಕ್ಕಾಕತ್ತದ ಅಂತ."

ಸಭೆ ಬರಖಾಸ್ತು.

ಜನವರಿ 14. ಸಂಕ್ರಾಂತಿ

ಡಿಪಾರ್ಟ್‌ಮೆಂಟಿನಲ್ಲಿ ತಿಳಗೂಳ, ಅಂದರೆ ಇಲ್ಲಿಯ ಎಳ್ಳುಬೆಲ್ಲ, ಹಂಚುತ್ತಿದ್ದಾಗ ರಂಜನಾಳ ಫೋನು. ಸರ್ ಅವರ ಮಗಳು. ಬ್ಯಾಂಕಿನಲ್ಲಿದ್ದಾಳೆ, ಅಪ್ಪನ ಜೊತೆ ಇಲ್ಲೇ ಸಯನ್‌ನಲ್ಲಿ ಇರುತ್ತಾಳೆ.

"ಅಣ್ಣಾ, ಪಪ್ಪಾ ಕುರ್ಲಾದಾಗ ಸಿಕ್ಕರು."
"ಕುರ್ಲಾಕ್ಕ ಯಾಕ ಹೋಗಿದ್ರು?"
"ಅದನ್ನ ಅವರೂ ನನ್ನ ಕೇಳಾಕತ್ತಾರ."

ಫೋರ್ಟ್‌ನ ಒಂದು ಸಂಶೋಧನಾ ಟ್ರಸ್ಟ್ ಸರ್‌ಗೆ ಒಂದು ಮೇಜು ಕೊಟ್ಟಿದೆ. ನಿವೃತ್ತಿಯಾದ ಮೇಲೂ ದಿನಾ ಹೋಗುತ್ತಾರೆ, ಸಯನ್‌ನಿಂದ ಲೋಕಲ್ ಹಿಡಿದು. ಇವತ್ತು ಎದುರು ದಿಕ್ಕಿನ ಗಾಡಿ ಹತ್ತಿದ್ದಾರೆ. ಮುಂದಿನ ಸ್ಟೇಷನ್‌ನಲ್ಲಿ ಇಳಿದಿದ್ದಾರೆ. ಇಳಿದವರು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟಿದ್ದಾರೆ, ಮಧ್ಯಾಹ್ನದ ತನಕ. ಯಾರೋ ಹೂವಿನ ಹೆಂಗಸು ಅವರ ಫೋನಿನಿಂದಲೇ ರಂಜನಾಳಿಗೆ ತಿಳಿಸಿದ್ದಾಳೆ.

ದಿಕ್ಕು ತಪ್ಪಿ ಗಾಡಿ ಹತ್ತುವುದು ನನಗೂ ಆಗಿದೆ. ಆದರೆ ಕೂತಿರುವುದು...

ಜನವರಿ 18, ಶನಿವಾರ

ಸರ್ ಮನೆಗೆ ಹೋಗಿದ್ದೆ. ಬಾಗಿಲಲ್ಲೇ:

"ಬಾರಲೇ ಗುರುಬಸವಾ. ನನ್ನ ಮಗಳು ನನಗ ಹುಚ್ಚ ಅಂತಾಳ."
"ಪಪ್ಪಾ, ಹುಚ್ಚ ಅಂತ ನಾ ಯಾವಾಗ ಅಂದೆ? ಒಬ್ರ ಟ್ರೇನ್‌ನಾಗ ಹೋಗಬ್ಯಾಡ್ರಿ ಅಂದೆ. ಮರವಿನ ಗೋಲಿ ಚಾಲೂ ಮಾಡೋಣು ಅಂದೆ. ಬಸ್."
"ಕುರ್ಲಾದಾಗ ಕೂತಿದ್ದಕ್ಕ? ಮುಂಬೈ ಮಂದಿ ಅರ್ಧಾ ಆಯುಷ್ಯ ಕುರ್ಲಾದಾಗ ಕೂತ ಕಳೀತಾರ."

ನಕ್ಕೆವು. ಮೂವರೂ. ಆಮೇಲೆ ಸರ್ ಗಂಭೀರರಾದರು. ಕ್ಲಾಸಿನ ದನಿ.

"ಪರೀಕ್ಷಾ ಐತಿ, ಗೆರಿ ಐತಿ. ಇಪ್ಪತ್ಮೂರರ ಕೆಳಗ ಬಂದ್ರ ಫೋರ್ಟ್ ಬಂದ್, ಗೋಲಿ ಚಾಲೂ. ಕೆಳಗ ಬರಲಿಲ್ಲಂದ್ರ ನನ್ನ ತಂಟೇಕ ಬರಬ್ಯಾಡ. ನನ್ನ ಅಳತಿಗೆ ನಾ ಬದ್ಧ."

ರಂಜನಾ ನನ್ನ ಕಡೆ ನೋಡಿದಳು. ಪರೀಕ್ಷೆ ಮುಗಿದೇ ಹೋಗಿದೆ. ನಿನ್ನೆ ಆಸ್ಪತ್ರೆಯಲ್ಲಿ ಡಾಕ್ಟರು ಕೊಟ್ಟದ್ದು ಸರ್ ಮಾಡಿದ ಪರೀಕ್ಷೆಯನ್ನೇ. ಕನ್ನಡದವರಿಗೆ ಅವರ ಹತ್ತಿರ ಇದ್ದದ್ದು ಅದೊಂದೇ. ಮೂವತ್ತಕ್ಕೆ ಮೂವತ್ತು. ಡಾಕ್ಟರು ಕೇಳುವ ಮೊದಲೇ ಐದೂ ಪದ ಹೇಳಿಬಿಟ್ಟರಂತೆ. ಡಾಕ್ಟರು ನಕ್ಕು, ನಿಮ್ಮ ತಂದೆಗೆ ನನಗಿಂತ ಹೆಚ್ಚು ನೆನಪಿದೆ ಎಂದರಂತೆ.

ನಾನು ಕೂತಿದ್ದಷ್ಟು ಹೊತ್ತಿನಲ್ಲಿ ಸರ್ ಚಹಾ ಆಯಿತೇ ಎಂದು ಮತ್ತೆ ಮತ್ತೆ ಕೇಳಿದರು. ಖಾಲಿ ಕಪ್ಪು ಅವರ ಕೈಯಲ್ಲೇ ಇತ್ತು.

ಮೆಟ್ಟಿಲ ತನಕ ರಂಜನಾ ಬಂದಳು. "ಅಣ್ಣಾ, ನೀವರೆ ಹೇಳ್ರಿ. ಖರೇ ಏನು?"
ನೋಡೋಣ ಎಂದೆ. ನೋಡೋಣ ಎಂಬುದು ಪ್ರೊಫೆಸರುಗಳ ಭಾಷೆಯಲ್ಲಿ ಗೊತ್ತಿಲ್ಲ ಎಂದರ್ಥ. ನನಗೆ ಗೊತ್ತಿತ್ತು.

ಪ್ರಶ್ನೆ ಬರೆದವನ ಬಾಯಲ್ಲೇ ಉತ್ತರ,
ಮರೆವು ಬಂದಿದೆ ಸದ್ದಿಲ್ಲದೆ ಹತ್ತಿರ.

ಫೆಬ್ರವರಿ 2, ಭಾನುವಾರ. ಬೆಳಿಗ್ಗೆ

ಸರ್ ಫೋನು. ದನಿ ಸ್ವಚ್ಛ. ಹಳೆಯ ಸರ್.

"ಲೇ, ಆವತ್ತ ನೀ ಯಾಕ ಸುಮ್ನ ಕೂತಿದ್ದಿ?"
"ಏನ್ ಹೇಳಲಿ ಸರ್."
"ಆ ಐದು ಪದಾ ಆರಿಸಿದಾಂವ ನಾನು. ಅದು ನೆನಪಲ್ಲಪಾ, ಮಗ್ಗಿ. ನನ್ನ ಸ್ಟೂಡೆಂಟ್ ಯಾವನರೆ ಇಂಥಾ ಡೇಟಾ ತಂದಿದ್ರ ಮಾರೀ ಮ್ಯಾಲ ಒಗೀತಿದ್ದೆ. ನಿನಗ ಗೊತ್ತಿತ್ತು. ಮರ್ಯಾದಿ ಕೊಟ್ಟು ಸುಮ್ನಾದಿ."

ಹೂಂ ಸರ್ ಎಂದೆ. ಮತ್ತೆ ಮರ್ಯಾದೆ.

"ಪರೀಕ್ಷಾದ ಹೊಸಾ ಫಾರ್ಮ್ ಮಾಡು. ತೂಕ ಅಷ್ಟ ಇರಬೇಕು, ಪ್ರಶ್ನೆ ಬ್ಯಾರೆ. ನನಗ ತೋರಿಸಬ್ಯಾಡ. ನೀನ ಬಂದು ಕೊಡು."
"ಸರ್, ಗಡಿಬಿಡಿ ಏನದ..."
"ಅದ. ಒಂದೊಂದ ದಿನಾ ಮುಂಜಾನೆ ಎದ್ದು ಈ ಖೋಲಿ ಯಾರದು ಅಂತ ನೋಡ್ತೀನಿ. ರಂಜಿಗೆ ಹೇಳಿಲ್ಲ. ಮತ್ತ ಕೇಳು. ಗೆರಿ ಅದ ಇರಲಿ. ಸರ್ ಅಂಜ್ಯಾರ ಅಂತ ಗೆರಿ ಸರಿಸಿಗಿರಿಸೀಯ."

ಇವತ್ತು ಪ್ರಾಸ ಹೊಳೆಯಲಿಲ್ಲ.

ಫೆಬ್ರವರಿ 12

ಹೊಸ ಫಾರ್ಮ್. ಗುರುವಿಗೆ ಬಲೆ ಹೆಣೆಯುವ ಶಿಷ್ಯ. ಪುರಾಣದಲ್ಲಿ ಇಂಥವರ ಗತಿ ಏನಾಗುತ್ತದೆ ಎಂದು ಸಭಿಕರು ಬಲ್ಲರು.

ತೊಂದರೆ ಏನೆಂದರೆ ನಾನು ಯೋಚಿಸುವುದು ಸರ್ ಯೋಚಿಸುವ ಹಾಗೆಯೇ. ಯಾವ ಪದ ಆರಿಸಿದರೂ ಅವರ ಹಳೆಯ ಕರಡಿನಲ್ಲಿ ಇದ್ದದ್ದೇ. ಅವರು ಕಲಿಸಿದ್ದನ್ನೆಲ್ಲ ಬದಿಗಿಟ್ಟು ಕೂತೆ. ಸ್ಟೇಷನ್ ಹೆಸರುಗಳಲ್ಲಿ ಸೆಂಟ್ರಲ್ ಲೈನ್ ತೆಗೆದು ಹಾರ್ಬರ್ ಲೈನ್ ಹಾಕಿದೆ. ಪದಗಳೂ ಹೊಸವು. ಹಳೆಯದಕ್ಕೂ ಹೊಸದಕ್ಕೂ ತೂಕ ಒಂದೇ ಇದೆಯೋ ನೋಡಲು ಎರಡನ್ನೂ ಅದೇ ಮಂದಿಗೆ ಕೊಡಬೇಕು. ಮತ್ತೆ ಕುರ್ಲಾ, ಮತ್ತೆ ಚಾಳು. ಈ ಸಲ ಒಬ್ಬನೇ.

ಬಾಗಲಕೋಟೆ ಕಡೆಯ ಕಾಶವ್ವ, ಕಟ್ಟಡದ ಕೆಲಸ ಮಾಡಿ ಮುದುಕಿಯಾದವಳು. "ಐದ ಮಾತು ನೆನಪಿಡಬೇಕನು? ಸೊಸಿ ಬೈದದ್ದು ಐನೂರು ನೆನಪದಾವ. ಅವನ್ನ ಹೇಳಲಿ?"
"ಅದಕ್ಕ ಬ್ಯಾರೆ ಪರೀಕ್ಷಾ ಮಾಡೋಣು ಆಯಿ."
"ಮಾಡು. ಫಸ್ಟ್ ಕ್ಲಾಸ್ ಬರ್ತೀನಿ."
ಹೊರಡುವಾಗ: "ಇನ್ನೊಬ್ರು ಸರ್ ಬರ್ತಿದ್ರಲ್ಲ, ದಪ್ಪ ಕನ್ನಡಕದವರು? ಅವರು ಯಾಕ ಬಂದಿಲ್ಲ?"

ಎರಡು ಫಾರ್ಮಿನ ಅಂಕಗಳೂ ಹೊಂದಿದವು. ಈ ಮಟ್ಟದ ಹೊಂದಾಣಿಕೆ ಬಂದಿದ್ದರೆ ಬೇರೆ ಸಮಯದಲ್ಲಿ ಪೇಪರ್ ಬರೆದು ಪ್ರಮೋಷನ್ ಫೈಲಿಗೆ ಸೇರಿಸುತ್ತಿದ್ದೆ.

ಫೆಬ್ರವರಿ 16, ಭಾನುವಾರ

ವರದಿ.
ಪರೀಕ್ಷೆಯನ್ನು ಇಂದು ಬೆಳಿಗ್ಗೆ ಸನ್ಮಾನಿತರ ನಿವಾಸದಲ್ಲಿ ನಿಯಮಾನುಸಾರ ನೀಡಲಾಯಿತು. ಕುಟುಂಬದವರು ಕೋಣೆಯಲ್ಲಿ ಇರಬಾರದೆಂಬ ಕಾರಣಕ್ಕೆ ಮಗಳನ್ನು ಅಡುಗೆಮನೆಯಲ್ಲಿ ಕೂರಿಸಲಾಯಿತು. ಬೆಳಕು, ಸದ್ದು ಸಮರ್ಪಕ. ಸಹಕಾರ ಉತ್ತಮ. ಒಟ್ಟು ಅಂಕ ಇಪ್ಪತ್ಮೂರು. ಗೆರೆಯ ಕೆಳಗಲ್ಲ.

ಸಭಿಕರೇ, ಚಪ್ಪಾಳೆ.

ರಂಜನಾ ಅಡುಗೆಮನೆಯಿಂದ ಓಡಿ ಬಂದಳು. "ಪಾಸ್? ಸಚ್ಚೀ?" ಅಪ್ಪನ ತಲೆ ಹಿಡಿದು ಅತ್ತಳು. ಸರ್ ಅವಳ ಬೆನ್ನು ತಟ್ಟುತ್ತಾ, "ಅಳತಿ ಅಂದ್ರ ಅಳತಿ" ಎಂದರು. ನಾಳೆಯಿಂದ ಮತ್ತೆ ಫೋರ್ಟ್.

ಮನೆಯಲ್ಲಿ ಶೈಲಾ: "ಪಾಸಾದ್ರ ನಿಮ್ಮ ಮಾರಿ ಯಾಕ ಹಿಂಗ?"
"ಇಪ್ಪತ್ತೆರಡಕ್ಕೂ ಇಪ್ಪತ್ಮೂರಕ್ಕೂ ಏನ್ ಫರಕ್ ಇಲ್ಲ ಶೈಲಾ. ಒಂದು ಅಂಕ ಆ ಕಡೆ ಈ ಕಡೆ ಆಗೂದು ಅಳತೀ ದೋಷದೊಳಗ ಬರ್ತದ. ಎಲ್ಲಾ ಪುಸ್ತಕದಾಗ ಅದ."
"ಇಪ್ಪತ್ತೆರಡು ಅಂತ ನಾ ಎಲ್ಲಿ ಕೇಳಿದೆ?"

ಊಟಕ್ಕೆ ಎದ್ದೆ.

ಫೆಬ್ರವರಿ 27, ಗುರುವಾರ

ಕೆಲಸವಿತ್ತು, ಫೋರ್ಟ್‌ಗೆ ಹೋಗಿದ್ದೆ. ಸರ್ ಜೊತೆ ಉಡುಪಿ ಹೋಟೆಲಿನಲ್ಲಿ ಊಟ. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಪೆನ್ನು, ಒಳ್ಳೆಯ ಹಸಿವು. ವೇಟರ್‌ಗೆ ತಮಾಷೆ ಮಾಡಿದರು. ಯುವ ಸಂಶೋಧಕರು ಸಾಫ್ಟ್‌ವೇರ್ ಹೇಳಿದ್ದನ್ನೇ ಬರೆಯುತ್ತಾರೆ ಎಂದು ಬೈದರು. ಆ ಬೈಗುಳ ಕೇಳಿ ಎಷ್ಟು ಸಮಾಧಾನವಾಯಿತೆಂದರೆ ಇನ್ನೊಂದು ಪೂರಿ ತರಿಸಿದೆ.

ಅನ್ನಕ್ಕೆ ಸಾರು ಕಲಸುತ್ತಾ ತಲೆಯೆತ್ತಿದರು.

"ನಿನ್ನ ಥೀಸಿಸ್ ಎಲ್ಲೀತನಕ ಬಂತಪಾ?"

ನನ್ನ ಥೀಸಿಸ್ ಮುಗಿದಾಗ ಈಗ ನಾನು ಪಾಠ ಹೇಳುವ ಮಕ್ಕಳು ಇನ್ನೂ ಬಾಲವಾಡಿಯಲ್ಲಿದ್ದರು.

"ಮೂರನೇ ಅಧ್ಯಾಯ ನಡದದ, ಸರ್."
"ಲಗೂ ಮುಗಸು. ಇಂಗ್ಲಿಷಿಗೆ ಅಂಜಬ್ಯಾಡ, ನಾ ತಿದ್ದತೀನಿ."
"ಹೂಂ ಸರ್."

ವಿ.ಟಿ. ಸ್ಟೇಷನ್ ತನಕ ಜೊತೆಗೆ ನಡೆದೆ. ಸರಿಯಾದ ಗಾಡಿಗೆ ಹತ್ತಿಸಿದೆ. ಸಯನ್‌ನಲ್ಲಿ ಇಳಿದರೆಂದು ರಂಜನಾಳ ಮೆಸೇಜ್ ಬರುವವರೆಗೆ ಅಲ್ಲೇ ನಿಂತಿದ್ದೆ. ಅವಳಿಗೆ ಏನೂ ಹೇಳಲಿಲ್ಲ. ಭಾಷಣದ ಎರಡನೇ ಪುಟ ಬರೆಯಬೇಕು.

ಮಾರ್ಚ್ 11, ಮಂಗಳವಾರ. ದಾದರ್ ಸ್ಟೇಷನ್, ಬೆಂಚು. ಮಧ್ಯಾಹ್ನ

ಬೆಳಿಗ್ಗೆ ಮನೆ ಬಿಟ್ಟ ಸರ್ ಫೋರ್ಟ್ ಮುಟ್ಟಿಲ್ಲ. ಫೋನು ಮನೆಯಲ್ಲೇ, ಚಾರ್ಜಿಗೆ ಹಾಕಿದ್ದು ಹಾಗೇ ಇದೆ. ಕ್ಲಾಸು ಅರ್ಧಕ್ಕೆ ಬಿಟ್ಟು ಬಂದೆ. ಕುರ್ಲಾದಲ್ಲಿ ನೋಡಿದೆ, ಇಲ್ಲ. ಮಾಟುಂಗಾದಲ್ಲಿ ಇಲ್ಲ. ಇಲ್ಲಿ ದಾದರ್‌ನಲ್ಲಿ ಇಳಿದದ್ದು ಕ್ಯಾಮೆರಾದಲ್ಲಿ ಕಂಡಿದೆಯಂತೆ. ರಂಜನಾ ರೈಲ್ವೆ ಪೊಲೀಸರ ಕೋಣೆಯಲ್ಲಿ ಇದ್ದಾಳೆ, ಮುಂದೆ ಎತ್ತ ಹೋದರೆಂದು ನೋಡಿಸುತ್ತಾ. ಒಬ್ಬರಿಗೇ ಒಳಗೆ ಪ್ರವೇಶ. ನನ್ನನ್ನು ಇಲ್ಲಿ ಕೂರಿಸಿದ್ದಾರೆ. ಈ ಕಡೆಯಿಂದ ಬಂದರೆ ನೋಡಿರಿ ಎಂದು. ಇಷ್ಟು ಜನ. ಇಷ್ಟು ಕನ್ನಡಕಗಳು.

ಹೋಗುವಾಗ ಅವಳು ಹೇಳಿದ್ದು: "ನೀವು ಟೆಸ್ಟ್ ಮಾಡೀರಿ ಅಂತ ನಾ ಬಿಟ್ಟೆ ಅಣ್ಣಾ. ಇಲ್ಲಾಂದ್ರ ಬಾಗಿಲ ದಾಟಾಕ ಬಿಡ್ತಿದ್ದಿಲ್ಲ." ಆರೋಪಿಸಲಿಲ್ಲ. ಇನ್ನೂ ನಂಬಿಯೇ ಹೇಳಿದಳು.

ಸಭಿಕರೇ —

ಇಲ್ಲ. ಸಭೆಯಿಲ್ಲ. ಯಾವತ್ತೂ ಇರಲಿಲ್ಲ. ಫೆಬ್ರವರಿ ಹದಿನಾರರ ವರದಿ ಸುಳ್ಳು.

ಸರ್ ನಾಲ್ಕು ಪದ ಹೇಳಿದರು. ಐದನೆಯದು ಬರಲಿಲ್ಲ; ಅಲ್ಲಿಗೆ ಇಪ್ಪತ್ತೆರಡು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಗೋಡೆ ನೋಡಿದರು, ನನ್ನನ್ನು ನೋಡಿದರು. ಆ ಪದ ಚಾವಿ. ನಾನು ಕಿಸೆಯಿಂದ ನನ್ನ ಚಾವಿಗೊಂಚಲು ತೆಗೆದು ಮೇಜಿನ ಮೇಲೆ ಇಟ್ಟೆ. ಸದ್ದಾಗುವ ಹಾಗೆ ಇಟ್ಟೆ. "ಚಾವಿ!" ಎಂದರು. ಎಷ್ಟು ಖುಷಿಯಿಂದ ನಕ್ಕರು.

ಹಳೆಯ ಸರ್ ಆಗಿದ್ದರೆ ಅಲ್ಲೇ ಫಾರ್ಮ್ ಹರಿದು, ನನ್ನನ್ನು ಮೆಟ್ಟಿಲಿಳಿಸುತ್ತಿದ್ದರು. ಚಾಳಿನ ಮುದುಕಿಯೊಬ್ಬಳ ಮುಂದೆ ಒಮ್ಮೆ ನಾನು ಸುಳಿವು ಕೊಟ್ಟಂತೆ ಹುಬ್ಬು ಏರಿಸಿದ್ದಕ್ಕೆ ಆ ದಿನದ ಡೇಟಾ ಪೂರ್ತಿ ಬಿಸಾಡಿದ ಮನುಷ್ಯ. ಈ ಸಲ ಮೂಗಿನ ಕೆಳಗೆ ಚಾವಿ ಇಟ್ಟರೂ ಗಮನಿಸಲಿಲ್ಲ. ಪರೀಕ್ಷೆಯ ನಿಜವಾದ ಫಲಿತಾಂಶ ಅದು. ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಾದ ಮೇಲೆ ಇಪ್ಪತ್ಮೂರು ಎಂದು ಬರೆದೆ.

ಅವರು ಕೇಳಿದ್ದು ನಿಜವೊಂದನ್ನೇ. ನಾನು ಕೊಟ್ಟದ್ದು —

ರಂಜನಾ ಹೊರಗೆ ಬಂದಳು. ಒಬ್ಬಳೇ. ನನ್ನನ್ನು ಹುಡುಕುತ್ತಿದ್ದಾಳೆ. ಹೇಳಬೇಕು, ಈಗಲೇ, ಅವಳು ಅಣ್ಣಾ ಎನ್ನುವ ಮೊದಲೇ