ಮಣ್ಣು ಜಾಡಿಸುವ ಮೊದಲು

ಜಮಖಂಡಿ,
೧೭ ಮೇ ೧೯೫೩, ರವಿವಾರ

ಚಿ. ಸೌ. ಯಲ್ಲಕ್ಕನಿಗೆ,

ಅಪ್ಪನ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದಿದ್ದೇನೆ. ನಿನ್ನವ್ವನ ಮೊಣಕಾಲು ನೋವು ಮೊದಲಿನಂತೆಯೇ ಇದೆ. ಎಮ್ಮೆ ಈದಿದೆ, ಹೆಣ್ಣು ಕರು. ನಾನು ಗಟ್ಟಿಯಾಗಿದ್ದೇನೆ.

ಕಾಗದ ಬರೆಯಲು ತಡವಾಯಿತು. ಮಾಘದಲ್ಲಿ ನೀನು ಬೆಳಗಿನ ಮೋಟಾರಿಗೆ ಬಂದು ಮಧ್ಯಾಹ್ನದ ಮೋಟಾರಿಗೆ ತಿರುಗಿ ಹೋದಮೇಲೆ ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಮೂರು ತಿಂಗಳ ಮೇಲಾಯಿತು. ಕೆಲಸ ಬಹಳ ಇತ್ತು ಎಂದು ಸುಳ್ಳು ಹೇಳಬಹುದು. ಆದರೆ ಮೊನ್ನೆ ಮೊನ್ನೆಯವರೆಗೆ ನನಗೆ ಕೆಲಸವೇ ಇರಲಿಲ್ಲ. ನೀನೇ ಮೊದಲು ಬರೆಯಲಿ ಎಂದು ಹಟ ಹಿಡಿದು ಕೂತಿದ್ದೆ, ಅಷ್ಟೇ. ನಿನ್ನವ್ವ ಅಂದಿನಿಂದ "ನೀರ ಕಾದಾವು", "ಊಟಕ್ಕ ಏಳ್ರಿ", ಈ ಎರಡು ಬಿಟ್ಟು ನನ್ನೊಡನೆ ಮೂರನೆಯ ಮಾತು ಆಡಿಲ್ಲ. ಆ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲು ಊರ ಸುದ್ದಿ.

ಇದನ್ನು ಅಂಚೆಗೆ ಹಾಕುತ್ತಿಲ್ಲ. ಬಳೆ ಮಾರುವ ಅನ್ನವ್ವ ಇವತ್ತು ಮಧ್ಯಾಹ್ನ ತೇರದಾಳಕ್ಕೆ ಹೊರಟಿದ್ದಾಳೆ. ನಿನ್ನ ಕೈಗೇ ಕೊಡಬೇಕು, ಅಳಿಯ ಕಾಮಣ್ಣನ ಕೈಗೆ ಕೊಡಬಾರದು ಎಂದು ಎರಡು ಸಲ ಹೇಳಿದ್ದೇನೆ.

ನನಗೆ ಮತ್ತೆ ಕುದುರೆಯ ಕೆಲಸ ಸಿಕ್ಕಿದೆ. ನಗಬೇಡ. ಸಂಸ್ಥಾನ ಮುಂಬಯಿ ಸರಕಾರದಲ್ಲಿ ಸೇರಿ, ಅರಮನೆಯ ಕುದುರೆಲಾಯ, ನಮ್ಮ ಪಾಗಾ, ಮುಚ್ಚಿ ಐದು ವರ್ಷವಾಯಿತು. ಕುದುರೆಗಳು ಒಂದೊಂದು ದಿಕ್ಕಿಗೆ ಹೋದವು. ಇನ್ನು ಈ ಜನ್ಮದಲ್ಲಿ ಲಗಾಮು ಹಿಡಿಯುವುದಿಲ್ಲ ಎಂದುಕೊಂಡಿದ್ದೆ. ಅಷ್ಟರಲ್ಲಿ ನಾರಾಯಣರಾವ್ ಮಾಸ್ತರರು ಮನೆಗೆ ಬಂದರು. ಬೇಸಿಗೆ ರಜೆಯಲ್ಲಿ ಹೈಸ್ಕೂಲು ಮಕ್ಕಳಿಗಾಗಿ ಇಪ್ಪತ್ತೊಂದು ದಿನದ ಶಿಬಿರ ನಡೆಸುತ್ತಾರಂತೆ. ಬೆಳಿಗ್ಗೆ ಕವಾಯತು, ಆಮೇಲೆ ಶ್ರಮದಾನ, ಬಿಸಿಲು ಇಳಿದ ಮೇಲೆ ಕುದುರೆ ಸವಾರಿ. ಮುಧೋಳ, ಬೀಳಗಿ, ಬನಹಟ್ಟಿಯಿಂದೆಲ್ಲ ನಲವತ್ತು ಮಕ್ಕಳು, ಅದರಲ್ಲಿ ಆರು ಹುಡುಗಿಯರು.

"ಈ ಊರಾಗ ಕುದರಿ ಕಲಸವ್ರು ಅಂದ್ರ ನೀವೊಬ್ರ ಉಳದೀರಿ, ಧರೆಪ್ಪ" ಎಂದರು.

"ನಾ ಉಳದೇನ್ರಿ, ಖರೆ. ಕುದರಿ ಎಲ್ಲಿ ಉಳದಾವ್ರಿ?" ಎಂದೆ.

ಅವರು ಛಲದ ಮನುಷ್ಯ. ನಾಲ್ಕು ದಿನ ತಿರುಗಿ ನಾಲ್ಕು ಕುದುರೆ ಹುಡುಕಿ ತಂದರು. ಎರಡು ಟಾಂಗಾದವು. ಒಂದು ಮದುವೆ ಮೆರವಣಿಗೆಯದು. ಯಾವ ವಾದ್ಯ ಕೇಳಿದರೂ ನಿಂತುಬಿಡುವುದು ಅದರ ಚಟ. ಶಿಬಿರದಲ್ಲಿ ತುತ್ತೂರಿ ಊದಿದಾಗಲೆಲ್ಲ ಅದರ ಮೇಲಿದ್ದವನು ಮೈದಾನದ ನಡುವೆ ಮದುಮಗನಂತೆ ಕೂತಿರುತ್ತಿದ್ದ, ಉಳಿದವರು ಸುತ್ತ ಸೇರಿ ಅಕ್ಷತೆ ಎಂದು ಮಣ್ಣು ಎರಚುತ್ತಿದ್ದರು. ನಾಲ್ಕನೆಯದು ನಮ್ಮ ಕೆಂಚಿ. ಹೌದು, ಅದೇ ಕೆಂಚಿ, ಮರಿಯಿದ್ದಾಗ ನಿನ್ನ ಕೈಯಿಂದ ಬೆಲ್ಲ ಕಿತ್ತು ತಿನ್ನುತ್ತಿದ್ದುದು. ಇಷ್ಟು ವರ್ಷ ಬೀಳಗಿಯ ಗಿರಮಲ್ಲಪ್ಪಗೌಡರ ಕೊಟ್ಟಿಗೆಯಲ್ಲಿತ್ತಂತೆ. ನನ್ನ ವಾಸನೆ ಹಿಡಿದು ಕಿವಿ ಮುಂದೆ ಮಾಡಿತು. ನನಗೆ ಕಣ್ಣಲ್ಲಿ ನೀರು ಬಂತು.

ಪಾಗಾದ ಕಾಯಿದೆ ನಿನಗೆ ಗೊತ್ತೇ ಇದೆ, ಅದನ್ನು ಕೇಳುತ್ತಲೇ ಬೆಳೆದವಳು. ಬಿದ್ದವರು ಮೈಮೇಲಿನ ಮಣ್ಣು ಜಾಡಿಸುವ ಮೊದಲೇ ಅದೇ ಕುದುರೆಯನ್ನು ಮತ್ತೆ ಹತ್ತಬೇಕು. ಜಾಡಿಸುತ್ತ ನಿಂತರೆ ಅಂಜಿಕೆ ಒಳಗೆ ಇಳಿಯುತ್ತದೆ, ಆಮೇಲೆ ಹೊರಗೆ ಬರುವುದಿಲ್ಲ. ನಮ್ಮ ದರೋಗಾ ಪಾಂಡುರಂಗರಾಯರು, ಇಡೀ ಪಾಗಾಕ್ಕೆ ಹಿರಿಯರು, ನನ್ನನ್ನು ಹೀಗೆಯೇ ಹತ್ತಿಸಿದರು. ನಾನು ಎಷ್ಟೋ ಮಂದಿಯನ್ನು ಹತ್ತಿಸಿದೆ. ಶಿಬಿರದಲ್ಲಿಯೂ ಮೊದಲ ವಾರ ಏಳು ಮಂದಿ ಬಿದ್ದರು, ಏಳೂ ಮಂದಿ ಮುಖದ ತುಂಬ ಮಣ್ಣು ಮೆತ್ತಿಕೊಂಡೇ ಹತ್ತಿದರು. ನನಗೆ ಒಳಗೊಳಗೇ ಜಂಬ. ಐದು ವರ್ಷ ಕುರಿಹಟ್ಟಿಗೆ ಬೇಲಿ ಕಟ್ಟುತ್ತ ಕೂತವನಿಗೆ ನಲವತ್ತು ಮಕ್ಕಳು "ಮಾಮಾ, ಮಾಮಾ" ಎಂದು ಹಿಂದೆ ತಿರುಗಿದರೆ ಮತ್ತೇನಾಗುತ್ತದೆ.

ಆ ಹುಡುಗಿಯರಲ್ಲಿ ಅಲಕಾ ಎಂಬವಳು ಎಲ್ಲರಿಗಿಂತ ಜಾಣೆ. ಮುಧೋಳದ ವಕೀಲರ ಮಗಳು, ಹದಿನಾಲ್ಕು ವರ್ಷ. ಮಾತು ಕಡಿಮೆ, ಕಣ್ಣು ಚುರುಕು. ಕೆಂಚಿಯೂ ಅವಳೂ ಎರಡೇ ದಿನದಲ್ಲಿ ಒಂದಾದರು.

ಹೋದ ಸೋಮವಾರ ಸಂಜೆ ಅವಳು ಕೆಂಚಿಯ ಮೇಲೆ ಕೂತು ಹತ್ತು ಹೆಜ್ಜೆ ಹೋಗಿರಲಿಲ್ಲ, ಕೆಂಚಿ ಬೆನ್ನು ಬಗ್ಗಿಸಿ ಎತ್ತಿ ಒಗೆಯಿತು. ಎಂದೂ ಹಾಗೆ ಮಾಡಿದ ಕುದುರೆಯಲ್ಲ. ಹುಡುಗಿ ಎದ್ದು ನಿಂತಳು, ಪೆಟ್ಟೇನೂ ಆಗಿರಲಿಲ್ಲ. ನಾನು ಎಂದಿನಂತೆ, "ಮಣ್ಣ ಝಾಡಸಬ್ಯಾಡ ತಂಗಿ, ಹತ್ತು" ಎಂದೆ.

ಅವಳು ಹತ್ತಲಿಲ್ಲ. "ಮಾಮಾ, ಕೆಂಚಿಗೆ ಏನೋ ಆಗ್ಯದರಿ. ಮೈ ನಡುಗ್ಲಿಕ್ಕತ್ತದ ನೋಡ್ರಿ" ಎಂದಳು.

"ಕುದರಿಗಿ ಏನೂ ಆಗಿಲ್ಲ. ಅದು ನಿನ್ನ ಅಂಜಿಕಿ. ಹತ್ತು!"

"ನಾ ಅಂಜಿಲ್ರಿ, ಮಾಮಾ. ಒಮ್ಮೆ ನೋಡ್ರಿ."

ಮೂವತ್ತೊಂಬತ್ತು ಮಕ್ಕಳು ನೋಡುತ್ತಿದ್ದರು. ಒಬ್ಬಳಿಗೆ ಬಿಟ್ಟರೆ ನಾಳೆ ಎಲ್ಲರೂ ಕಾರಣ ಹುಡುಕುತ್ತಾರೆ ಎನಿಸಿತು. ದನಿ ಏರಿಸಿದೆ. ಹುಡುಗಿ ತುಟಿ ಕಚ್ಚಿಕೊಂಡು ಹತ್ತಿದಳು. ಈ ಸಲ ಕೆಂಚಿ ಒಂದು ಹೆಜ್ಜೆಯನ್ನೂ ಇಡಲಿಲ್ಲ, ನಿಂತಲ್ಲೇ ನೆಗೆದು ಅವಳನ್ನು ಕಲ್ಲಿನ ಮೇಲೆ ಕೆಡವಿತು. ಕೈ ಮುರಿದ ಸದ್ದು ನನಗೇ ಕೇಳಿಸಿತು.

ಜೀನು ಬಿಚ್ಚಿ ನೋಡಿದೆ. ಅದರ ಕೆಳಗೆ ಹಾಸುವ ಕಂಬಳಿಯಲ್ಲಿ ಬೆರಳುದ್ದದ ಜಾಲಿಮುಳ್ಳು ಮುರಿದು ಕೂತಿತ್ತು, ಕೆಂಚಿಯ ಬೆನ್ನಲ್ಲಿ ರಕ್ತ. ಆ ಕಂಬಳಿಯನ್ನು ಬೆವರು ಆರಲೆಂದು ಬೆಳಿಗ್ಗೆ ಜಾಲಿಯ ಬೇಲಿಯ ಮೇಲೆ ಹಾಕಿದವನು ನಾನೇ. ಹಟ್ಟಿಯಲ್ಲಿ ನಾವು ಹೊದೆಯುವ ಕಂಬಳಿಯನ್ನೆಲ್ಲ ಬೇಲಿಯ ಮೇಲೆಯೇ ಒಣಹಾಕುವುದಲ್ಲವೇ, ಆ ರೂಢಿ. ಮನುಷ್ಯ ಹೊದೆಯುವಾಗ ಒಮ್ಮೆ ಕೊಡವುತ್ತಾನೆ. ನಾನು ಕೊಡವದೆ ಜೀನು ಬಿಗಿದಿದ್ದೆ.

ನಾರಾಯಣರಾಯರು ಗಾಬರಿಯಾದರು. "ಕುದರಿ ಪುಂಡ ಅದ ಅಂತ ಬರದು ಬಿಡೂಣು. ನಿಮ್ಮ ಹೆಸರು ಬ್ಯಾಡ" ಎಂದು ನನ್ನ ಒಳ್ಳೆಯದಕ್ಕೇ ಹೇಳಿದರು. ನಾನು ಒಪ್ಪಲಿಲ್ಲ. ತಪ್ಪು ಧರೆಪ್ಪನದು ಎಂದೇ ಶಿಬಿರದ ವರದಿಯಲ್ಲಿ ಬರೆಸಿದೆ.

ಮರುದಿನ ಹುಡುಗಿಯ ತಾಯಿ ಕೃಷ್ಣಾಬಾಯಿ ಬಂದರು. ನಾನು ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಚಲೋ ಇತ್ತು. ಅವರು ಬೈಯಲಿಲ್ಲ. ಒಂದೇ ಮಾತು ಕೇಳಿದರು: "ನನ್ನ ಮಗಳು ಮೊದಲ ಹೇಳಿದ್ಳಂತಲ್ರಿ? ನಿಮಗ ಕೇಳಸ್ಲಿಲ್ಲೇನು?"

"ಕೇಳಸ್ತರಿ, ಬಾಯಾರ" ಎಂದೆ.

ಅಂದಿನಿಂದ ಒಂದೇ ಸಮನೆ ಪಾಂಡುರಂಗರಾಯರು ನೆನಪಾಗುತ್ತಿದ್ದಾರೆ. ಯಾರಾದರೂ ಬಿದ್ದರೆ ಅವರು ಏನು ಮಾಡುತ್ತಿದ್ದರು ಎಂದು ಒಂದೊಂದಾಗಿ ನೆನೆದೆ. ಸವಾರನ ಕಡೆ ನೋಡುತ್ತಲೇ ಇರಲಿಲ್ಲ. ನೆಟ್ಟಗೆ ಕುದುರೆಯ ಹತ್ತಿರ ಹೋಗುವರು. ಜೀನು ಎತ್ತಿ ಬೆನ್ನಿನ ಮೇಲೆ ಅಂಗೈ ಆಡಿಸುವರು, ಬಾಯಿ ತೆರೆದು ನೋಡುವರು, ನಾಲ್ಕೂ ಗೊರಸು ಎತ್ತುವರು. ಎಲ್ಲ ಸರಿಯಿದ್ದರೆ ಮಾತ್ರ "ಹತ್ತು" ಎನ್ನುವರು. ಮಣ್ಣಿನಲ್ಲಿ ಕಾಯುತ್ತ ಕೂತ ನಮಗೆ ಆ ಕೊನೆಯ ಮಾತಷ್ಟೇ ಕಿವಿಯಲ್ಲಿ ಉಳಿಯಿತು. ಇಪ್ಪತ್ತು ವರ್ಷ ಅರ್ಧ ಕಾಯಿದೆಯನ್ನೇ ಪೂರ್ತಿ ಎಂದು ನಡೆಸಿದೆ, ಯಲ್ಲಕ್ಕ.

ನಿನ್ನೆ ಅಲಕಾ ಕೈಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದಳು. ಎಡಗೈಯಿಂದ ಕೆಂಚಿಗೆ ಬೆಲ್ಲ ತಿನ್ನಿಸಿದಳು. "ಕೈ ಕೂಡಿದ ಮ್ಯಾಲೆ ಮತ್ತ ಹತ್ತತೇನ್ರಿ, ಮಾಮಾ. ಆದ್ರ ಜೀನು ನಾನ ನೋಡ್ತೇನಿ" ಎಂದಳು. ನೋಡು ತಾಯಿ, ನೀನೇ ನೋಡು ಎಂದೆ.

ಸುದ್ದಿ ಇಷ್ಟು. ಹೊಟ್ಟೆ ತುಂಬ ಉಣ್ಣು. ಮನೆದೇವರು ಬೀರಪ್ಪ ನಿನ್ನನ್ನು ಚೆನ್ನಾಗಿಡಲಿ. ನಿನ್ನ ಹಣೆಯ ಮೇಲೆ ನನ್ನ ಕೈ ಸದಾ ಇದೆ ಎಂದು ತಿಳಿ.

ನಿನ್ನ ಅಪ್ಪ,
ಧರೆಪ್ಪ

ತಾ. ಕ. — ಕೊನೆಗೆ ಬರೆಯುತ್ತೇನೆ ಎಂದಿದ್ದೆ, ಸಹಿ ಹಾಕಿದ ಮೇಲೆ ಧೈರ್ಯ ಬಂತು.

ಮಾಘದಲ್ಲಿ ನೀನು ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದೆ. "ಯಪ್ಪಾ, ನಾ ಇನ್ನ ಆ ಮನಿಗಿ ಹೋಗಂಗಿಲ್ಲ. ಒಮ್ಮಿ ನನ್ನ ಮಾತ ಕೇಳು" ಎಂದೆ. ನಾನು ಕೇಳಲಿಲ್ಲ. ತವರಲ್ಲಿ ಎರಡು ದಿನ ಕೂತರೆ ಅಂಜಿಕೆ ಗಟ್ಟಿಯಾಗುತ್ತದೆ, ಬಿದ್ದ ಕೂಡಲೇ ಹತ್ತಿಸಬೇಕು ಎಂದುಕೊಂಡೆ. ನಿನ್ನವ್ವ ಕಾಲು ತೊಳೆಯಲು ತಂದ ಚಂಬನ್ನು ಕಸಿದು ಒಳಗಿಟ್ಟೆ. "ಒಂದ ತುತ್ತರ ಉಣ್ಣಲಿ" ಎಂದಳು, ಅದಕ್ಕೂ ಬಿಡಲಿಲ್ಲ. ಹಾದಿಯ ಧೂಳು ಕಾಲ ಮೇಲಿದ್ದಂತೆಯೇ ನಿನ್ನನ್ನು ಮೋಟಾರಿನಲ್ಲಿ ಕೂರಿಸಿ ಬಂದೆ. ಮಗಳನ್ನು ಗಟ್ಟಿ ಮಾಡಿದೆ ಎಂದು ಅಂದು ಹೆಮ್ಮೆಪಟ್ಟೆ.

ಯುಗಾದಿಗೆ ನೀನು ಬಳೆ ಇಡಿಸಿಕೊಳ್ಳುವಾಗ ಎಡಗೈ ಅಷ್ಟೇ ಕೊಟ್ಟೆಯಂತೆ, ಬಲಗೈ ಸೆರಗಿನ ಹೊರಗೆ ತೆಗೆಯಲಿಲ್ಲವಂತೆ. ಅನ್ನವ್ವ ಇವತ್ತು ಬೆಳಿಗ್ಗೆ ಹೇಳಿದಳು. ಆಗಲೇ ಈ ಕಾಗದ ಬರೆಯಲು ಕೂತೆ.

ನೀನು ಹೇಳಿದ್ದು ನನಗೆ ಕೇಳಿಸಿತ್ತು, ಮಗಳೇ. ಗುರುವಾರ ಶಿಬಿರ ಮುಗಿದ ಕೂಡಲೇ ನಾನು ತೇರದಾಳಕ್ಕೆ ಬರುತ್ತೇನೆ. ಅರಿವೆ ಗಂಟು ಕಟ್ಟಿಟ್ಟುಕೋ. ಕಾಮಣ್ಣನಿಗೆ ಹೇಳಬೇಕಾದ್ದನ್ನು ನಾನು ಹೇಳುತ್ತೇನೆ. ನಿನಗೆ ಮತ್ತೆ ಹತ್ತು ಎನ್ನುವವರು ಈ ಮನೆಯಲ್ಲಿ ಯಾರೂ ಇಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ನಿನ್ನವ್ವನಿಗೆ ಓದಿ ಹೇಳಿದೆ. ಚಂಬು ತಿಕ್ಕುತ್ತ ಕೂತು ಪೂರ್ತಿ ಕೇಳಿದಳು. ಆಮೇಲೆ ಮೂರನೆಯ ಮಾತು ಆಡಿದಳು: "ಗುರುವಾರ ಯಾಕ? ನಾಳೆನ ಹೋಗ್ರಿ."

ನಾಳೆಯೇ ಬರುತ್ತೇನೆ. ಬೆಳಗಿನ ಮೋಟಾರಿಗೆ.